ಚೊಂಬಿನ ಕಂಠ: ಹೆದ್ದಾರಿ ಪ್ರಯಾಣಿಕರ ಪ್ರಶ್ನೆಗಳಿಗೆ ಉತ್ತರ

ರಸ್ತೆಗೆ ಸಂಬಂಧಿಸಿದ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಪ್ರಶ್ನೆಗಿಂತ ಸಿಟ್ಟೇ ಹೆಚ್ಚಾಗಿತ್ತು. ದಿನಕ್ಕೆ ಎರಡು ಸಲ ಧೂಳು ಕುಡಿದು ಮನೆ ಸೇರುವವರ ಸಿಟ್ಟು ಅದಾದ್ದರಿಂದ ನಾನು ಅದನ್ನು ತಪ್ಪೆನ್ನಲಾರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಆಲೂರಿನಿಂದ ಹಾಸನಕ್ಕೆ ದಿನವೂ ಕಾರಿನಲ್ಲಿ ಓಡಾಡುತ್ತೇನೆ. ಕಾಮಗಾರಿ ನಡೆಯುವ ಕಡೆ ಎರಡು ಪಥಗಳಿದ್ದದ್ದು ಒಂದಾಗುತ್ತದೆ. ನಾವೆಲ್ಲ ಶಿಸ್ತಿನಿಂದ ಎಡಗಡೆ ಸಾಲುಗಟ್ಟಿ ನಿಂತಿದ್ದರೆ ಕೆಲವರು ಖಾಲಿ ಬಿದ್ದಿರುವ ಬಲಪಥದಲ್ಲಿ ಸರ್ರನೆ ಮುಂದೆ ಹೋಗಿ ಮೂತಿ ತೂರಿಸುತ್ತಾರೆ. ಇವರನ್ನು ಬಿಡಬೇಕೇ, ಬಿಡಬಾರದೇ? (ಕಾಲೇಜು ಉಪನ್ಯಾಸಕಿ, ಆಲೂರು)

ಉತ್ತರ: ಬಿಡಬೇಕು, ಆದರೆ ಒಬ್ಬರನ್ನು ಮಾತ್ರ. ಈ ಉತ್ತರ ನಿಮಗೆ ರುಚಿಸುವುದಿಲ್ಲವೆಂದು ಗೊತ್ತಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತುಂಬಿದ ಚೊಂಬನ್ನು ಬಗ್ಗಿಸಿದಾಗ ಅದರ ಹೊಟ್ಟೆ ಎಷ್ಟೇ ದೊಡ್ಡದಿದ್ದರೂ ನೀರು ಬರುವುದು ಕಂಠದ ಅಳತೆಗೆ ತಕ್ಕಂತೆಯೇ. ರಸ್ತೆಯೂ ಹಾಗೆಯೇ. ಒಂದು ಪಥದಲ್ಲಿ ಎಲ್ಲವೂ ಸರಿಯಿದ್ದರೆ ಎರಡು ಸೆಕೆಂಡಿಗೊಂದರಂತೆ, ಗಂಟೆಗೆ ಹೆಚ್ಚೆಂದರೆ 1,800 ಕಾರುಗಳು ಸಾಗಬಲ್ಲವು. ನಮ್ಮ ಹೆದ್ದಾರಿ 75ರಲ್ಲಿ, ಎಂದರೆ 2010ರ ಮರುಸಂಖ್ಯೆಗೆ ಮುನ್ನ 48 ಎಂದು ಕರೆಯುತ್ತಿದ್ದ ಬೆಂಗಳೂರು–ಮಂಗಳೂರು ರಸ್ತೆಯಲ್ಲಿ, ಮಂಗಳೂರು ಬಂದರಿನ ಕಡೆಯಿಂದ ಘಾಟಿ ಹತ್ತಿ ಬರುವ ಟ್ಯಾಂಕರು, ಲಾರಿಗಳ ಪಾಲು ದೊಡ್ಡದು. ಸಂಚಾರದ ಲೆಕ್ಕದಲ್ಲಿ ಒಂದು ಭಾರದ ಲಾರಿಯನ್ನು ಸುಮಾರು ಮೂರು ಕಾರುಗಳಿಗೆ ಸಮವೆಂದು ಎಣಿಸುತ್ತಾರೆ. ಹೀಗಾಗಿ ಕಂಠದಲ್ಲಿ ನಿಜವಾಗಿ ಸಾಗುವ ವಾಹನಗಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ನೀವು ಆಲೂರಿನಲ್ಲೇ ಎಡಕ್ಕೆ ಸರಿದು ನಿಂತರೂ, ಡ್ರಮ್ಮು ಇಟ್ಟ ಜಾಗದವರೆಗೆ ಬಂದು ಸರಿದರೂ ಕಂಠದ ಅಳತೆ ಬದಲಾಗುವುದಿಲ್ಲ.

ಹಾಗಿದ್ದ ಮೇಲೆ ಕೊನೆಯವರೆಗೆ ಎರಡೂ ಪಥಗಳನ್ನು ಬಳಸುವುದರಿಂದ ಏನು ಪ್ರಯೋಜನ? ಸಾಲಿನ ಉದ್ದ ಕಡಿಮೆಯಾಗುತ್ತದೆ. ಅರವತ್ತು ಕಾರುಗಳು ತಲಾ ಏಳು ಮೀಟರ್ ಜಾಗ ಹಿಡಿದು ಒಂದೇ ಸಾಲಿನಲ್ಲಿ ನಿಂತರೆ 420 ಮೀಟರ್ ಬೇಕು, ಎರಡು ಸಾಲಿನಲ್ಲಾದರೆ 210 ಮೀಟರ್ ಸಾಕು. ಈ ವ್ಯತ್ಯಾಸದಲ್ಲಿ ಬಹುತೇಕ ಒಂದು ಅಡ್ಡರಸ್ತೆ ಇದ್ದೇ ಇರುತ್ತದೆ. ಸಾಲು ಹಿಂದಕ್ಕೆ ಬೆಳೆದು ಆ ಅಡ್ಡರಸ್ತೆಯ ಬಾಯಿ ಮುಚ್ಚಿದರೆ, ಹೆದ್ದಾರಿಗೂ ತನಗೂ ಸಂಬಂಧವೇ ಇಲ್ಲದೆ ಹಾಲಿನ ಕ್ಯಾನು ಹೊತ್ತು ಡೇರಿಗೆ ಹೊರಟ ಮನುಷ್ಯನೂ ನಿಮ್ಮ ಜೊತೆ ನಿಲ್ಲಬೇಕಾಗುತ್ತದೆ. ಜರ್ಮನಿಯ ಸಂಚಾರ ಕಾನೂನಿನಲ್ಲಿ, ಪಥ ಮುಗಿಯುವ ಜಾಗದವರೆಗೂ ಬಂದು ಅಲ್ಲಿ ಒಂದರ ಹಿಂದೆ ಒಂದರಂತೆ ಎರಡೂ ಸಾಲಿನವರು ಸೇರಿಕೊಳ್ಳಬೇಕೆಂಬುದು ನಿಯಮವೇ ಆಗಿದೆ. ಜಿಪ್ಪಿನ ಎರಡು ಬದಿಯ ಹಲ್ಲುಗಳು ಕೂಡುವಂತೆ ಕೂಡುವುದರಿಂದ ಅದಕ್ಕೆ ಜಿಪ್ಪಿನ ಹೆಸರೇ ಬಿದ್ದಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಸಾರಿಗೆ ಇಲಾಖೆ ಇದರಿಂದ ಸಾಲಿನ ಉದ್ದ ಶೇ. 40ರವರೆಗೆ ತಗ್ಗುತ್ತದೆ ಎಂದು ಪ್ರಚಾರ ಮಾಡುತ್ತದೆ.

ಆದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮುಗಿಯುವ ಪಥದಲ್ಲಿ ಕೊನೆಯವರೆಗೆ ಬರುವುದು ನಿಯಮ, ಇಲ್ಲಿ ಅದು ಒರಟುತನ, ಏಕೆಂದರೆ ಇಲ್ಲಿ ಹಾಗೆ ಮಾಡಿರೆಂದು ಯಾರೂ ಹೇಳಿಲ್ಲ, ಫಲಕವೂ ಇಲ್ಲ. ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಕಂಠದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ನನ್ನ ಮುಂದಿದ್ದ ಶುಂಠಿ ಮೂಟೆಯ ಪಿಕಪ್ಪಿನವನು ಬಲಗಡೆಯಿಂದ ಯಾರೂ ನುಗ್ಗಬಾರದೆಂದು ಮುಂದಿನ ಬಸ್ಸಿನ ಬಂಪರಿಗೆ ಗೇಣು ಅಂತರ ಬಿಟ್ಟು ಅಂಟಿಕೊಂಡೇ ಹೋಗುತ್ತಿದ್ದ. ಬಲಗಡೆ ತೋಟದ ಕೂಲಿಯಾಳುಗಳನ್ನು ತುಂಬಿಕೊಂಡ ಜೀಪೊಂದು ಅರ್ಧ ಮೂತಿ ತೂರಿಸಿ ನಿಂತಿತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ. ಬಸ್ಸು ಮುಂದೆ ಹೋಗಿ ನೂರು ಮೀಟರ್ ರಸ್ತೆ ಖಾಲಿಯಾಯಿತು, ಇವರಿಬ್ಬರು ಕನ್ನಡಿಗೆ ಕನ್ನಡಿ ತಗುಲಿಸಿಕೊಂಡು ಮಾತಿಗಿಳಿದರು. ಮೊದಲೇ ಕಿರಿದಾದ ಕಂಠದಲ್ಲಿ ಆ ಎರಡು ನಿಮಿಷ ನೀರೇ ಹರಿಯಲಿಲ್ಲ. ಕಳೆದುಹೋದ ಆ ನಿಮಿಷಗಳನ್ನು ಹಿಂದಿನವರು ಯಾವ ವೇಗದಲ್ಲಿ ಓಡಿಸಿದರೂ ಮರಳಿ ಪಡೆಯಲಾಗುವುದಿಲ್ಲ. ಆದ್ದರಿಂದಲೇ ಒಬ್ಬರನ್ನು ಬಿಡಿ, ಅವರ ಹಿಂದೆ ನೀವು ಹೋಗಿ ಎನ್ನುತ್ತೇನೆ. ಎರಡನೆಯವರಿಗೂ ಜಾಗ ಬಿಟ್ಟರೆ ನಿಮ್ಮ ಹಿಂದಿರುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಇನ್ನೊಂದು ವಿಷಯ: ಈ ನಿಯಮ ಪಥ ಮುಗಿಯುವ ಕಡೆಗಷ್ಟೇ ಅನ್ವಯ. ಸರ್ವೀಸ್ ರಸ್ತೆಯಿಂದಲೋ ಅಡ್ಡರಸ್ತೆಯಿಂದಲೋ ಹೆದ್ದಾರಿಗೆ ಸೇರುವವರು ಮುಖ್ಯ ರಸ್ತೆಯಲ್ಲಿ ಬರುತ್ತಿರುವವರಿಗೆ ದಾರಿ ಬಿಟ್ಟೇ ಸೇರಬೇಕು. ಹಾಗೆಯೇ ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಹೊರಗಿನಿಂದ ಬರುವವರು ದಾರಿ ಬಿಡಬೇಕು. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಹೊರಗಿನವರು ನುಗ್ಗುತ್ತಾರೆ, ಒಳಗಿರುವವರು ನಿಲ್ಲುತ್ತಾರೆ, ಕಡೆಗೆ ವೃತ್ತವೇ ಬೀಗ ಹಾಕಿದಂತಾಗುತ್ತದೆ.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎದುರಿಗೆ ಒಂದು ನಾಯಿಯೂ ಇಲ್ಲದಿದ್ದರೂ ಕೆಂಪು ದೀಪ ನೂರರಿಂದ ಕೆಳಗೆ ಎಣಿಸುತ್ತಲೇ ಇರುತ್ತದೆ. ಯಂತ್ರಕ್ಕೆ ಇಷ್ಟೂ ತಿಳಿಯಬಾರದೇ? ಆ ಹಳದಿ ದೀಪ ಇರುವುದಾದರೂ ಯಾರಿಗಾಗಿ? (ಬ್ಯಾಂಕ್ ನೌಕರ, ಹಾಸನ)

ಉತ್ತರ: ತಿಳಿಯುವ ಯಂತ್ರಗಳಿವೆ, ಆದರೆ ನೀವು ಹೇಳುತ್ತಿರುವುದು ಆ ಜಾತಿಯದಲ್ಲವೆಂದು ತೋರುತ್ತದೆ. ರಸ್ತೆಯಲ್ಲಿ ಹುದುಗಿಸಿದ ತಂತಿಯ ಸುರುಳಿಯಿಂದಲೋ ಕ್ಯಾಮೆರಾದಿಂದಲೋ ವಾಹನ ಬಂದಿರುವುದನ್ನು ಅರಿತು ಹಸಿರು ಕೊಡುವ ಸಿಗ್ನಲ್ ಒಂದು ಬಗೆ. ಯಾರೋ ಒಮ್ಮೆ ನಿಗದಿಪಡಿಸಿದ ಸೆಕೆಂಡುಗಳನ್ನು ಹಗಲಿರುಳು ಜಪಿಸುವುದು ಇನ್ನೊಂದು ಬಗೆ. ಈ ಎರಡನೆಯದೇನೂ ಕೆಟ್ಟದಲ್ಲ, ಸೆಕೆಂಡುಗಳನ್ನು ಹೊತ್ತಿಗೆ ತಕ್ಕಂತೆ ಬದಲಿಸಿದರೆ.

ಲೆಕ್ಕ ಹೀಗಿದೆ. ದೀಪ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಸುಮಾರು ನಾಲ್ಕು ಸೆಕೆಂಡು ವ್ಯರ್ಥವಾಗುತ್ತದೆ. ಹಸಿರು ಬಿದ್ದರೂ ಮೊದಲ ವಾಹನ ಕ್ಲಚ್ ಬಿಡಲು ಹೊತ್ತು ಬೇಕು, ಹಳದಿಯ ಕೊನೆಯಲ್ಲಿ ಚೌಕ ಖಾಲಿಯಾಗಲು ಹೊತ್ತು ಬೇಕು. ನಾಲ್ಕು ರಸ್ತೆಗಳಿಗೂ ಬೇರೆ ಬೇರೆ ಸರದಿ ಇದ್ದರೆ ಒಂದು ಸುತ್ತಿನಲ್ಲಿ 16 ಸೆಕೆಂಡು ಯಾರಿಗೂ ದಕ್ಕುವುದಿಲ್ಲ. ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ವೆಬ್‌ಸ್ಟರ್ 1958ರಲ್ಲಿ ಒಂದು ಸೂತ್ರ ಕೊಟ್ಟ. ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, ಐದು ಕೂಡಿಸಿ, ಚೌಕಕ್ಕೆ ಬೀಳುವ ಹೊರೆಯನ್ನು (ಅದು ತಾಳಬಲ್ಲ ವಾಹನಗಳಲ್ಲಿ ಎಷ್ಟು ಪಾಲು ಬರುತ್ತಿದೆ ಎಂಬುದನ್ನು) ಒಂದರಿಂದ ಕಳೆದು ಉಳಿಯುವ ಭಾಗದಿಂದ ಭಾಗಿಸಿದರೆ ಒಂದು ಸುತ್ತು ಎಷ್ಟು ಸೆಕೆಂಡಿನದಾಗಿರಬೇಕೆಂಬುದು ಸಿಗುತ್ತದೆ. ಸಂಜೆ ಐದೂವರೆಗೆ ಚೌಕದ ಹೊರೆ ಶೇ. 70 ಇದೆ ಎಂದುಕೊಳ್ಳೋಣ: 24ಕ್ಕೆ 5 ಕೂಡಿಸಿದರೆ 29, ಅದನ್ನು 0.3ರಿಂದ ಭಾಗಿಸಿದರೆ ಸುಮಾರು 97 ಸೆಕೆಂಡು. ಮಧ್ಯಾಹ್ನ ಎರಡಕ್ಕೆ ಹೊರೆ ಶೇ. 40ಕ್ಕೆ ಇಳಿದರೆ ಅದೇ ಚೌಕಕ್ಕೆ 48 ಸೆಕೆಂಡಿನ ಸುತ್ತು ಸಾಕು. ಸಂಜೆಯ ಸಂಖ್ಯೆಯನ್ನು ಮಧ್ಯಾಹ್ನವೂ ಉಳಿಸಿಕೊಂಡರೆ ನೀವು ಖಾಲಿ ರಸ್ತೆಯನ್ನು ನೋಡುತ್ತ ಬೆವರಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದು ಕಡೆ ಇದೆ. ಎದುರುಬದುರಿನ ಎರಡು ರಸ್ತೆಗಳಲ್ಲಿ ಬಲತಿರುವಿನವರು ಕಡಿಮೆಯಿದ್ದರೆ ಆ ಎರಡನ್ನೂ ಒಟ್ಟಿಗೆ ಬಿಡಬಹುದು. ಸರದಿ ನಾಲ್ಕರಿಂದ ಮೂರಕ್ಕಿಳಿದರೆ ವ್ಯರ್ಥ ಸಮಯ 12 ಸೆಕೆಂಡಾಗುತ್ತದೆ, ಅದೇ ಶೇ. 70ರ ಹೊರೆಗೂ ಸುತ್ತು 77 ಸೆಕೆಂಡಿಗೆ ಬರುತ್ತದೆ. ಒಂದು ಅಡಿ ಜಾಗ ಸ್ವಾಧೀನಪಡಿಸಿಕೊಳ್ಳದೆ, ಒಂದು ಮರ ಕಡಿಯದೆ ಸಿಗುವ ಇಪ್ಪತ್ತು ಸೆಕೆಂಡು ಇದು. ಇಂಥ ಕೆಲಸಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡಲು ಆಗುವುದಿಲ್ಲವೆಂಬುದೊಂದೇ ಅದರ ಕೊರತೆ.

ಹಳದಿಯ ಬಗ್ಗೆಯೂ ನೀವು ಕೇಳಿದ್ದೀರಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವವರು ಹಳದಿ ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲಿ, ಎಂದರೆ ಒಂದು ಸೆಕೆಂಡಿನಲ್ಲಿ, 14 ಮೀಟರ್ ಸಾಗಿರುತ್ತಾರೆ. ಸಾಧಾರಣ ಬ್ರೇಕಿನಲ್ಲಿ ನಿಲ್ಲಲು ಇನ್ನೂ 32 ಮೀಟರ್ ಬೇಕು. ಈ 46 ಮೀಟರಿನೊಳಗೆ ಇರುವವರು ನಿಲ್ಲಲಾರರು, ದಾಟಲೇಬೇಕು. ಅದಕ್ಕೆ ಮೂರೂ ಚಿಲ್ಲರೆ ಸೆಕೆಂಡು ಬೇಕು, ಹಳದಿ ಇರುವುದು ಅವರಿಗಾಗಿ. ನೂರು ಮೀಟರ್ ದೂರದಲ್ಲಿದ್ದು ಹಳದಿ ಕಂಡೊಡನೆ ಆಕ್ಸಿಲರೇಟರ್ ಒತ್ತುವವರಿಗಲ್ಲ.

ಪ್ರಶ್ನೆ: ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗುವವರು ಕೆಂಪಿದ್ದರೂ ಹೋಗಬಹುದಲ್ಲವೇ? ಹಿಂದಿನವರು ಹಾರ್ನ್ ಬಾರಿಸಿ ಕಿವಿ ತೂತು ಮಾಡುತ್ತಾರೆ. (ಗೃಹಿಣಿ, ಕಡೂರು)

ಉತ್ತರ: ಹಾಗೆಂದು ಫಲಕವೋ ಹಸಿರು ಬಾಣವೋ ಇದ್ದರೆ ಮಾತ್ರ. ಇಲ್ಲದಿದ್ದರೆ ಎಡಕ್ಕೂ ಕೆಂಪು ಕೆಂಪೇ. ಹಾರ್ನ್ ಕಾನೂನಿನ ಕಲಮಲ್ಲ.

ಪ್ರಶ್ನೆ: ಭಾನುವಾರ ಸಂಜೆ ಬೆಂಗಳೂರಿಗೆ ಮರಳುವಾಗ ಕುಣಿಗಲ್ ದಾಟಿದ ಮೇಲೆ ವಾಹನಗಳು ಇದ್ದಕ್ಕಿದ್ದಂತೆ ನಿಲ್ಲುತ್ತವೆ, ಮತ್ತೆ ಸಾಗುತ್ತವೆ. ಮುಂದೆ ಹೋಗಿ ನೋಡಿದರೆ ಅಪಘಾತವೂ ಇಲ್ಲ, ಸಿಗ್ನಲ್ಲೂ ಇಲ್ಲ. ಇದೇನು ಮಾಯೆ? (ಸಾಫ್ಟ್‌ವೇರ್ ಉದ್ಯೋಗಿ, ಚನ್ನರಾಯಪಟ್ಟಣ)

ಉತ್ತರ: ಜಪಾನಿನ ನಗೋಯಾದ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿ ಈ ಮಾಯೆಯನ್ನು ಹಿಡಿದರು. 2008ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಲ್ಲರೂ ಒಂದೇ ವೇಗದಲ್ಲಿ ಸಾಗಿ ಎಂದಷ್ಟೇ ಸೂಚನೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಚೂರು ಬ್ರೇಕ್ ಒತ್ತಿದರು, ಹಿಂದಿನವರು ಇನ್ನೂ ಸ್ವಲ್ಪ ಹೆಚ್ಚು ಒತ್ತಿದರು, ಅವರ ಹಿಂದಿನವರು ಮತ್ತೂ ಹೆಚ್ಚು, ಹೀಗೆ ಹಿಂದಕ್ಕೆ ಸರಿಯುತ್ತ ಬಂದ ಅಲೆಯಲ್ಲಿ ಕೊನೆಗೆ ಕಾರುಗಳು ಪೂರ್ತಿ ನಿಂತವು. ಕಂಠವಿಲ್ಲದ ವೃತ್ತದಲ್ಲೂ ಕಂಠ ಹುಟ್ಟಿಕೊಂಡಿತು. ಮುಂದಿನ ಗಾಡಿಗೆ ಅಂಟಿಕೊಳ್ಳದೆ ಅಂತರ ಬಿಟ್ಟು ಓಡಿಸುವವರ ಬಳಿಗೆ ಬಂದಾಗ ಈ ಅಲೆ ಸಾಯುತ್ತದೆ. ಆ ಅಂತರದೊಳಗೆ ಇನ್ನೊಬ್ಬರು ತೂರಿಕೊಳ್ಳುತ್ತಾರಲ್ಲ ಎಂದು ನೀವು ಕೇಳುವಿರಿ. ತೂರಿಕೊಳ್ಳಲಿ, ಅವರಿಂದ ನಿಮಗಾಗುವ ನಷ್ಟ ಎರಡು ಸೆಕೆಂಡು.

ಪ್ರಶ್ನೆ: ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಬರುವ ಪ್ರವಾಸಿಗರಿಂದ ಊರಿನವರು ಮನೆಯಿಂದ ಹೊರಬೀಳುವುದೇ ಕಷ್ಟವಾಗಿದೆ. ರಸ್ತೆಗಳನ್ನೆಲ್ಲ ಅಗಲ ಮಾಡಿದರೆ ಇದು ತಪ್ಪುವುದಿಲ್ಲವೇ? (ಕಿರಾಣಿ ವ್ಯಾಪಾರಿ, ಚಿಕ್ಕಮಗಳೂರು)

ಉತ್ತರ: ಮೊದಲ ಎರಡು ವರ್ಷ ತಪ್ಪಿದಂತೆ ಕಾಣಬಹುದು. ಆಮೇಲೆ ಇನ್ನೂ ಹೆಚ್ಚಾಗುತ್ತದೆ. ದಟ್ಟಣೆಯ ಹೊತ್ತಿನಲ್ಲಿ ವೇಗದ ರಸ್ತೆಗಳು ತುಂಬುವವರೆಗೂ ಜನ ಬಂದು ಸೇರುತ್ತಲೇ ಇರುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ನೋಡಿದಾಗ, ಅಂತರರಾಜ್ಯ ಹೆದ್ದಾರಿಯ ಪಥಗಳ ಒಟ್ಟು ಉದ್ದ ಎಷ್ಟು ಪಾಲು ಬೆಳೆಯಿತೋ ಬಹುತೇಕ ಅಷ್ಟೇ ಪಾಲು ವಾಹನಗಳ ಓಡಾಟವೂ ಬೆಳೆದದ್ದು ಕಂಡಿತು. ಬೆಂಗಳೂರಿನಿಂದ ಇಲ್ಲಿಗೆ ಬರುವ ದಾರಿ ಒಂದು ಗಂಟೆ ಕಡಿಮೆಯಾದರೆ, ಇಂದು ದೂರವೆಂದು ಸುಮ್ಮನಿರುವ ಕುಟುಂಬವೂ ಶನಿವಾರ ಬೆಳಿಗ್ಗೆ ಹೊರಡುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಿಮ್ಮ ಊರಿನ ಕಂಠ ಇರುವುದು ಗಿರಿಗೆ ಹತ್ತುವ ದಾರಿಯ ಕೈಮರ ಎಂಬಲ್ಲಿಂದ ಮೇಲಕ್ಕೆ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಪ್ರಪಾತ, ನಡುವೆ ಎದುರಿನಿಂದ ಟೆಂಪೊ ಟ್ರಾವೆಲರ್ ಬಂದರೆ ಒಬ್ಬರು ಹಿಂದಕ್ಕೆ ಸರಿಯಬೇಕಾದ ರಸ್ತೆ. ಕರ್ನಾಟಕದ ಅತಿ ಎತ್ತರದ ಶಿಖರವನ್ನು ಪಾರ್ಕಿಂಗ್ ಜಾಗಕ್ಕಾಗಿ ಕೆತ್ತಲು ಯಾರೂ ಒಪ್ಪುವುದಿಲ್ಲವೆಂದು ನಂಬಿದ್ದೇನೆ. ಕೆಳಗಿನ ರಸ್ತೆಯನ್ನು ಆರು ಪಥ ಮಾಡಿದರೆ ಇದೇ ಕಂಠಕ್ಕೆ ಇನ್ನೂ ಬೇಗ, ಇನ್ನೂ ಹೆಚ್ಚು ವಾಹನಗಳು ಬಂದು ನಿಲ್ಲುತ್ತವೆ, ಅಷ್ಟೇ. ಆದ್ದರಿಂದಲೇ ಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ, ಮುಂಗಡ ನೋಂದಣಿ ಮಾಡಿಸಿದವರನ್ನು ಮಾತ್ರ ಬಿಡುವ ಕ್ರಮ ನನಗೆ ಸರಿಯೆನಿಸುತ್ತದೆ. ವ್ಯಾಪಾರಕ್ಕೆ ಪೆಟ್ಟಾಗುತ್ತದೆಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಆದರೆ ಕಾರಿನೊಳಗೇ ಮೂರು ಗಂಟೆ ಕಳೆದವರು ನಿಮ್ಮ ಅಂಗಡಿಗೆ ಇಳಿದು ಬರುತ್ತಾರೆಯೇ, ನೀವೇ ನೋಡಿದ್ದೀರಿ.

ಪ್ರಶ್ನೆ: ಹಾಸನ–ಬೇಲೂರು ನಡುವಿನ ಹೆದ್ದಾರಿ 373ರ ಪಕ್ಕದಲ್ಲಿ ನಮ್ಮ ಒಂದೂವರೆ ಎಕರೆ ತೆಂಗಿನ ತೋಟವಿದೆ. ರಸ್ತೆ ಅಗಲವಾದರೆ ಜಾಗ ಹೋಗುತ್ತದೆ ಎನ್ನುತ್ತಾರೆ. ನಾವು ಯಾವಾಗ, ಏನು ಹೇಳಬಹುದು? (ರೈತರು, ಬೇಲೂರು ತಾಲ್ಲೂಕು)

ಉತ್ತರ: ರಾಷ್ಟ್ರೀಯ ಹೆದ್ದಾರಿಗಾಗಿ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ. ಕಲಂ 3ಎ ಅಡಿಯಲ್ಲಿ ಮೊದಲ ಅಧಿಸೂಚನೆ ಬರುತ್ತದೆ. ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳೊಳಗೆ ನಿಮ್ಮ ಆಕ್ಷೇಪವನ್ನು ಸಕ್ಷಮ ಪ್ರಾಧಿಕಾರಕ್ಕೆ, ಎಂದರೆ ಈ ಸ್ವಾಧೀನಕ್ಕೆಂದು ನೇಮಕವಾದ ಅಧಿಕಾರಿಗೆ, ಲಿಖಿತವಾಗಿ ಕೊಡಬೇಕು. ನಿಮ್ಮ ಹೋಬಳಿಯವರು ಎಡವುವುದು ಇಲ್ಲಿಯೇ: ಆಕ್ಷೇಪಣೆಯಲ್ಲಿ ಪರಿಹಾರ ಸಾಲದೆಂದು ಬರೆಯುತ್ತಾರೆ. ಆ ಹಂತದಲ್ಲಿ ಕೇಳುವುದು ಈ ಜಾಗವನ್ನು ಈ ಉದ್ದೇಶಕ್ಕೆ ಬಳಸುವುದರ ಬಗ್ಗೆ ನಿಮ್ಮ ತಕರಾರನ್ನು. ಪರಿಹಾರದ ಮಾತು ಬರುವುದು ಆಮೇಲೆ, ಕಲಂ 3ಜಿ ಅಡಿಯಲ್ಲಿ, ಅಲ್ಲಿ ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. 2015ರ ಜನವರಿ 1ರಿಂದ ಈ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಮಾನದಂಡವೇ ಅನ್ವಯಿಸುತ್ತದೆ. ಮರ, ಬಾವಿ, ಕಟ್ಟಡಗಳ ಮೌಲ್ಯವೂ ಸೇರಿ ಬಂದ ಮೊತ್ತಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನ, ಎಂದರೆ ಶೇ. 100, ಸೇರಬೇಕು. ಮೊದಲ ಅಧಿಸೂಚನೆಯಾಗಿ ಒಂದು ವರ್ಷದೊಳಗೆ, ಜಮೀನು ಸ್ವಾಧೀನಪಡಿಸಿಕೊಳ್ಳಲಾಗುವುದೆಂಬ ಕಲಂ 3ಡಿ ಘೋಷಣೆ ಹೊರಡದಿದ್ದರೆ ಆ ಅಧಿಸೂಚನೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದ ಕಾಲವನ್ನು ಇದರಲ್ಲಿ ಎಣಿಸುವುದಿಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇ? ನಕ್ಷೆ ನೋಡುವಾಗ ನಿಮ್ಮ ಜಮೀನು ಎಷ್ಟು ಗುಂಟೆ ಹೋಗುತ್ತದೆ ಎಂಬುದರ ಜೊತೆಗೆ, ನಾಲ್ಕು ಪಥವಾಗುವುದಾದರೆ, ರಸ್ತೆಯ ನಡುವಿನ ವಿಭಜಕ ನಿಮ್ಮ ಮನೆಯ ಎದುರು ಎಲ್ಲಿ ತೆರೆಯುತ್ತದೆ, ಕೆಳಸೇತುವೆ ಎಲ್ಲಿದೆ ಎಂಬುದನ್ನೂ ನೋಡಿ. ಮನೆ ಒಂದು ಬದಿ, ತೋಟ ಇನ್ನೊಂದು ಬದಿ ಉಳಿದರೆ, ದಿನಕ್ಕೆ ನಾಲ್ಕು ಸಲ ದನ ಹೊಡೆದುಕೊಂಡು ದಾಟುವ ನೀವು ಕಿಲೋಮೀಟರುಗಟ್ಟಲೆ ಸುತ್ತಿ ಬರಬೇಕಾಗುತ್ತದೆ. ಹೊಸ ಹೆದ್ದಾರಿಗಳಲ್ಲಿ ಎದುರುಮುಖವಾಗಿ ಬರುವ ಬೈಕಿನವರನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈದಿದ್ದೇನೆ. ಆದರೆ ಅವರಲ್ಲಿ ಬಹಳಷ್ಟು ಮಂದಿ, ತಿರುಗುವ ಜಾಗವನ್ನು ತೀರ ದೂರದಲ್ಲಿಟ್ಟು ಎಳೆದ ನಕ್ಷೆಯೊಂದರ ಸಂತಾನ. ಆ ನಕ್ಷೆಗೆ ತಕರಾರು ಹಾಕುವ ಹೊತ್ತು ಆ 21 ದಿನಗಳು.

ಪ್ರಶ್ನೆ: ರಾತ್ರಿ ಹೊತ್ತು ಕಾಮಗಾರಿಯ ಜಾಗದಲ್ಲಿ ದೀಪವಿಲ್ಲ, ಫಲಕವಿಲ್ಲ. ಮಂಜು, ಮಳೆಯಲ್ಲಿ ಎಲ್ಲಿ ತಿರುಗಬೇಕೆಂದೇ ತಿಳಿಯುವುದಿಲ್ಲ. ಯಾರಿಗೆ ದೂರುವುದು? (ಕಾಫಿ ತೋಟದ ಮೇಲ್ವಿಚಾರಕ, ಸಕಲೇಶಪುರ)

ಉತ್ತರ: ಎರಡು ವರ್ಷದ ಹಿಂದೆ ಆಗಸ್ಟಿನ ಒಂದು ರಾತ್ರಿ ನಿಮ್ಮ ಊರಿನಿಂದ ಹಾಸನದ ಕಡೆ ಸ್ಕೂಟರಿನಲ್ಲಿ ಬರುತ್ತಿದ್ದೆ. ರಸ್ತೆಯ ಅರ್ಧಕ್ಕೆ ಸುರಿದಿದ್ದ ಜಲ್ಲಿಮಣ್ಣಿನ ರಾಶಿ ಕಣ್ಣಿಗೆ ಬಿದ್ದದ್ದು ಮುಂದಿನ ಚಕ್ರ ಅದರೊಳಗೆ ಹೂತುಕೊಂಡ ಮೇಲೆಯೇ. ಮಂಡಿ ತರಚಿತು, ಹೆಚ್ಚಿನದೇನೂ ಆಗಲಿಲ್ಲ. ಹಿಂದೆ ಬಂದ ಜೀಪಿನವನು ಇಳಿದು ನನ್ನನ್ನು ಎತ್ತಿ ಕೂರಿಸಿ, ಪಕ್ಕದ ಬೇಲಿಯಿಂದ ಒಂದು ಹಸಿ ಕೊಂಬೆ ಮುರಿದು ರಾಶಿಗೆ ಇಪ್ಪತ್ತು ಮಾರು ಹಿಂದೆ ರಸ್ತೆಯ ಮೇಲೆ ಇಟ್ಟ. ಆಮೇಲೆ ಬಂದ ಲಾರಿಗಳೆಲ್ಲ ಸೊಪ್ಪು ಕಂಡು ವೇಗ ತಗ್ಗಿಸಿದವು. ಭಾರತೀಯ ರಸ್ತೆ ಕಾಂಗ್ರೆಸ್ ಕಾಮಗಾರಿ ಸ್ಥಳಗಳಿಗೆಂದೇ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಮೂಲತಃ ಹೇಳುವುದು ಅದನ್ನೇ: ಬಹಳ ಮುಂಚೆಯೇ ಎಚ್ಚರಿಕೆಯ ಫಲಕ, ಬಳಿಕ ಪಥವನ್ನು ಓರೆಯಾಗಿ ನಿಧಾನಕ್ಕೆ ಕಿರಿದಾಗಿಸುವ ತಡೆಗಳ ಸಾಲು, ರಾತ್ರಿ ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ, ಕೊನೆಗೆ ಕಾಮಗಾರಿ ಮುಗಿಯಿತೆಂಬ ಫಲಕ. ಬೇಲಿಯ ಕೊಂಬೆಯ ಬೆಲೆಗೆ ಹೋಲಿಸಿದರೆ ಇದು ದುಬಾರಿ, ಕಾಮಗಾರಿಯ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಂಖ್ಯೆಗೆ ಕರೆ ಮಾಡಿ. ಅಪಾಯ ಆ ಕ್ಷಣದ್ದಾದರೆ 112. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಹೊಣೆಯಾಗಿದ್ದರೂ ಒಂದು ಲಕ್ಷ ರೂಪಾಯಿವರೆಗೆ ದಂಡ ತೆರಬೇಕು. ಯಾರಾದರೂ ಸತ್ತ ಅಥವಾ ಅಂಗವಿಕಲರಾದ ಮೇಲಷ್ಟೇ ಎಚ್ಚರಗೊಳ್ಳುವ ಕಲಂ ಅದು, ಮೊತ್ತವೂ ಸಣ್ಣದು. ಆದರೂ ಅಪಾಯವನ್ನು ಮೊದಲೇ ಲಿಖಿತವಾಗಿ ತಿಳಿಸಲಾಗಿತ್ತು ಎಂಬುದಕ್ಕೆ ಕಾಗದವಿದ್ದರೆ, ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳುವುದು ಕಷ್ಟವಾಗುತ್ತದೆ. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಆ ಜಾಗದ ಸಂಚಾರ ನಿರ್ವಹಣಾ ಯೋಜನೆಯ ಪ್ರತಿ ಕೇಳಿ, 30 ದಿನಗಳೊಳಗೆ ಉತ್ತರ ಕೊಡಬೇಕು.

ದೂರಿನಲ್ಲಿ "ಬಾಲುಪೇಟೆ ಹತ್ತಿರ" ಎಂದಷ್ಟೇ ಬರೆದರೆ ಅದು ಎಲ್ಲಿಗೂ ತಲುಪುವುದಿಲ್ಲ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆಯಿರಿ. ಅಗಲೀಕರಣದಲ್ಲಿ ಕಲ್ಲೇ ಮಣ್ಣಿನಡಿ ಸೇರಿಹೋಗಿದ್ದರೆ ಹತ್ತಿರದ ಮೋರಿಯ ತಡೆಗೋಡೆಯನ್ನು ಹುಡುಕಿ. ಅದರ ಮೇಲೆ ಬಣ್ಣದಲ್ಲಿ ಓರೆಗೆರೆಯ ಎರಡು ಬದಿಗೆ ಎರಡು ಸಂಖ್ಯೆಗಳನ್ನು ಬರೆದಿರುತ್ತಾರೆ, ಮೊದಲನೆಯದು ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನಲ್ಲಿ ಅದು ಎಷ್ಟನೆಯ ಮೋರಿ ಎಂಬುದು. ಅಲ್ಲಿಂದ ಮಣ್ಣಿನ ರಾಶಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ, ದಿನಾಂಕ ಮೂಡುವಂತೆ ಫೋಟೊ ತೆಗೆದು ಜೊತೆಗಿಡಿ.